ಅಷ್ಟೆಲ್ಲಾ ಮಾಡಿ ಎಷ್ಟು ವರ್ಷ ಬದುಕ್ತಾರೆ? – ಬ್ರಿಟನ್ನಿನ ಲಿವರ್ ಕಸಿಯ ಕಥೆ

ಕಳೆದ ತಿಂಗಳು ನಾನು ಪ್ರಾವಿಷನಲ್ ಡ್ರೈವಿಂಗ್ ಲೈಸೆನ್ಸ್‌ಗೆ ಅರ್ಜಿ ತುಂಬುತ್ತಿದ್ದೆ. ಇಲ್ಲಿ ಹದಿನೇಳಕ್ಕೆ ಕಾರು ಕಲಿಯಬಹುದು, ಆದರೆ ಅರ್ಜಿಯನ್ನು ಅದಕ್ಕೂ ಮೊದಲೇ ಹಾಕಬಹುದು. ಹೆಸರು, ವಿಳಾಸ, ಫೋಟೋ ಎಲ್ಲ ಮುಗಿದ ಮೇಲೆ ಒಂದು ಪ್ರಶ್ನೆ ಬಂತು: ಅಂಗಾಂಗ ದಾನಿಗಳ ಪಟ್ಟಿಗೆ ಸೇರಲು ನಿಮಗೆ ಇಷ್ಟವಿದೆಯೇ? ನಿಮ್ಮಲ್ಲಿ ನನ್ನ ವಯಸ್ಸಿನವರು ಇದನ್ನು ನೋಡಿಯೇ ಇರುತ್ತೀರಿ. ಚಿಕ್ಕವರು ಇನ್ನು ಕೆಲವು ವರ್ಷಗಳಲ್ಲಿ ನೋಡುತ್ತೀರಿ.

ನಾನು ಜೋರಾಗಿ ಓದಿದೆ. ಅಮ್ಮ "ಇದೆಲ್ಲ ಈಗ್ಲೇ ಯಾಕೆ, ಬಿಡು" ಅಂದರು. ಅಪ್ಪ ಅಕೌಂಟೆಂಟ್. ಅವರು ಟಿವಿಯಿಂದ ತಲೆ ಎತ್ತದೆ ಕೇಳಿದರು: "ಅಷ್ಟೆಲ್ಲಾ ಮಾಡಿ ಆ ಪೇಷಂಟ್‌ಗಳು ಎಷ್ಟು ವರ್ಷ ಬದುಕ್ತಾರೆ?"

ನನಗೆ ಗೊತ್ತಿರಲಿಲ್ಲ. ನಮ್ಮ ಜಿಸಿಎಸ್‌ಇ ಇತಿಹಾಸದಲ್ಲಿ 1250ರಿಂದ ಇಂದಿನವರೆಗಿನ ವೈದ್ಯಕೀಯದ ಚರಿತ್ರೆ ಇದೆ. ಪ್ಲೇಗಿನ ಬಗ್ಗೆ ಪುಟಗಟ್ಟಲೆ ಓದಿದ್ದೇವೆ. ಅಂಗಾಂಗ ಕಸಿಗೆ ಸಿಕ್ಕಿದ್ದು ಕೆಲವೇ ಸಾಲು, ಅದೂ ಪರೀಕ್ಷೆಯ ಹಿಂದಿನ ದಿನ ಓದುವ ಪುಟದಲ್ಲಿ. ಹಾಗಾಗಿ ಕನ್ನಡ ಟೀಚರ್ "ಈ ಸಲ ಇತಿಹಾಸದ ಬಗ್ಗೆ ಏನಾದರೂ ಬರೆ" ಎಂದಾಗ ಅಪ್ಪನ ಪ್ರಶ್ನೆಯನ್ನೇ ಎತ್ತಿಕೊಂಡೆ. ಎಲ್ಲ ಅಂಗಗಳನ್ನೂ ಹಿಡಿದರೆ ಮುಗಿಯುವುದಿಲ್ಲ, ಅದಕ್ಕೇ ಲಿವರ್ ಒಂದನ್ನೇ ಆರಿಸಿದೆ.

ಮೊದಲು ಪದದ ಮಾತು. ಲಿವರ್‌ಗೆ ಪುಸ್ತಕದ ಕನ್ನಡದಲ್ಲಿ ಯಕೃತ್ತು ಎನ್ನುತ್ತಾರೆ, ಪಿತ್ತಜನಕಾಂಗ ಎಂದೂ ಹೇಳುತ್ತಾರೆ. ಶ್ರೀನಿವಾಸಪುರದಲ್ಲಿರುವ ಅಜ್ಜಿಗೆ ವಿಡಿಯೋ ಕಾಲಿನಲ್ಲಿ "ಯಕೃತ್ತಿನ ಕಸಿ ಬಗ್ಗೆ ಬರೀತಿದೀನಿ" ಅಂದೆ. "ಏನದು, ಲಿವರ್ರಾ? ಹಾಗನ್ನು ಮತ್ತೆ!" ಅಂದರು. ಹಾಗಾಗಿ ಇಲ್ಲೂ ಲಿವರ್ ಎಂದೇ ಬರೆಯುತ್ತೇನೆ. ಆದರೆ ಕಸಿ ಎಂದರೆ ಏನೆಂದು ಅಜ್ಜಿಗೆ ನನಗಿಂತ ಚೆನ್ನಾಗಿ ಗೊತ್ತು. ಅವರ ತೋಟದ ಬಾದಾಮಿ ಮಾವು ಎಲ್ಲ ಕಸಿ ಗಿಡಗಳೇ. ಒಂದು ಗಿಡದ ಕಡ್ಡಿಯನ್ನು ಇನ್ನೊಂದರ ಬುಡಕ್ಕೆ ಕಟ್ಟಿ ಬೆಳೆಸುವುದು. ಮನುಷ್ಯನ ದೇಹ ಮಾವಿನ ಗಿಡದಷ್ಟು ಸುಲಭವಾಗಿ ಒಪ್ಪಿಕೊಳ್ಳುವುದಿಲ್ಲ, ತೊಂದರೆ ಶುರುವಾಗುವುದೇ ಅಲ್ಲಿ.

ಕಿಡ್ನಿ ಕೆಟ್ಟರೆ ಡಯಾಲಿಸಿಸ್ ಯಂತ್ರವಿದೆ. ವಾರಕ್ಕೆ ಮೂರು ಸಲ ಹೋಗಿ ರಕ್ತ ಶುದ್ಧಿ ಮಾಡಿಸಿಕೊಂಡು ವರ್ಷಗಟ್ಟಲೆ ಕಾಯಬಹುದು. ಲಿವರ್‌ಗೆ ಹಾಗೆ ಕಾಯಿಸುವ ಯಂತ್ರವಿಲ್ಲ. ಅದು ಪಿತ್ತರಸ ಮಾಡುತ್ತದೆ, ಸಕ್ಕರೆಯನ್ನು ಕೂಡಿಡುತ್ತದೆ, ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳನ್ನು ತಯಾರಿಸುತ್ತದೆ. ಈ ಕೊನೆಯದನ್ನು ನೆನಪಿಟ್ಟುಕೊಳ್ಳಿ. ಲಿವರ್ ಕೆಟ್ಟವರಿಗೆ ರಕ್ತ ಸರಿಯಾಗಿ ಹೆಪ್ಪುಗಟ್ಟುವುದಿಲ್ಲ, ಆಪರೇಷನ್ ಮಾಡಬೇಕಾಗಿರುವುದೂ ಅವರಿಗೇ.

1963ರ ಮಾರ್ಚ್ 1ರಂದು ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜ್ಲ್ ಎಂಬ ಸರ್ಜನ್ ಪ್ರಪಂಚದಲ್ಲೇ ಮೊದಲ ಬಾರಿಗೆ ಮನುಷ್ಯನಿಗೆ ಲಿವರ್ ಕಸಿ ಮಾಡಲು ಹೊರಟರು. ರೋಗಿ ಮೂರು ವರ್ಷದ ಹುಡುಗ. ರಕ್ತಸ್ರಾವ ನಿಲ್ಲಲೇ ಇಲ್ಲ, ಆಪರೇಷನ್ ಟೇಬಲ್ಲಿನ ಮೇಲೇ ಮಗು ತೀರಿಕೊಂಡಿತು. ಆಮೇಲೆ ಪ್ರಯತ್ನಿಸಿದವರಾರೂ ಬಹಳ ದಿನ ಉಳಿಯಲಿಲ್ಲ. 1967ರಲ್ಲಿ ಒಂದೂವರೆ ವರ್ಷದ ಹೆಣ್ಣು ಮಗುವೊಂದು ಕಸಿಯ ನಂತರ ಒಂದು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಬದುಕಿತು. ಅದನ್ನೇ ಮೊದಲ ಯಶಸ್ಸು ಎಂದು ಪುಸ್ತಕಗಳು ಹೇಳುತ್ತವೆ. ಆಗ ಲೆಕ್ಕ ನಡೆಯುತ್ತಿದ್ದದ್ದು ದಿನಗಳಲ್ಲಿ.

ಈಗ ನಮ್ಮ ದೇಶಕ್ಕೆ, ಅಂದರೆ ನಾವಿರುವ ಈ ದೇಶಕ್ಕೆ ಬರೋಣ. ರಾಯ್ ಕಾಲ್ನ್ 1930ರಲ್ಲಿ ಹುಟ್ಟಿದವರು. ಲಂಡನ್ನಿನ ಗೈಸ್ ಆಸ್ಪತ್ರೆಯ ಮೆಡಿಕಲ್ ಕಾಲೇಜು ಸೇರಿದಾಗ ಅವರಿಗೆ ಹದಿನಾರು ವರ್ಷ, ಈಗಿನ ನನ್ನ ವಯಸ್ಸು. (ಇದನ್ನು ಓದಿ ಅಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.) ವಿದ್ಯಾರ್ಥಿಯಾಗಿದ್ದಾಗ ಅವರು ಕಿಡ್ನಿ ಕೆಟ್ಟು ಸಾಯುತ್ತಿದ್ದ ಒಬ್ಬ ಯುವಕನನ್ನು ಕಂಡರು. ಇವನಿಗೆ ಬೇರೆ ಕಿಡ್ನಿ ಹಾಕಬಾರದೇ ಎಂದು ದೊಡ್ಡ ಡಾಕ್ಟರನ್ನು ಕೇಳಿದರು. ಆಗುವುದಿಲ್ಲ ಎಂಬ ಉತ್ತರ ಬಂತು. ಯಾಕೆ ಎಂದರೆ, ಆಗುವುದಿಲ್ಲ ಅಷ್ಟೇ. ಈ ಉತ್ತರ ನಮಗೂ ಮನೆಯಲ್ಲಿ, ಸ್ಕೂಲಿನಲ್ಲಿ ಸಿಗುತ್ತಿರುತ್ತದೆ. ಕಾಲ್ನ್ ಅದನ್ನು ಮರೆಯಲಿಲ್ಲ.

ಮುಂದೆ ಅವರು ಕೇಂಬ್ರಿಡ್ಜಿನ ಆಡೆನ್‌ಬ್ರೂಕ್ಸ್ ಆಸ್ಪತ್ರೆಯಲ್ಲಿ ಸರ್ಜರಿಯ ಪ್ರೊಫೆಸರ್ ಆದರು. 1968ರ ಮೇ 2ರಂದು ಅಲ್ಲಿ ಯೂರೋಪಿನ ಮೊದಮೊದಲ ಲಿವರ್ ಕಸಿಗಳಲ್ಲಿ ಒಂದು ನಡೆಯಿತು. ಅದಕ್ಕೂ ಮುಂಚೆ ಸಹೋದ್ಯೋಗಿಗಳ ಸಭೆ ಕರೆದರೆ ಒಬ್ಬರಾದ ಮೇಲೊಬ್ಬರು ಬೇಡ ಎಂದರು. ಬಾಸ್ಟನ್ನಿನ ಹೆಸರಾಂತ ಸರ್ಜನ್ ಫ್ರಾನ್ಸಿಸ್ ಮೂರ್ ಆಗ ಕೇಂಬ್ರಿಡ್ಜಿಗೆ ಬಂದಿದ್ದರು. ಕಾಲ್ನ್ ಅವರನ್ನು ಸಭೆಗೆ ಕರೆತಂದರು. ಮೂರ್ ಮಾಡಲೇಬೇಕು ಎಂದರಲ್ಲದೆ ಆಪರೇಷನ್ನಿನಲ್ಲಿ ಸಹಾಯಕ್ಕೂ ನಿಂತರು. ಆ ರೋಗಿ ಹೆಚ್ಚು ಕಾಲ ಬದುಕಲಿಲ್ಲ. ಅದೇ ವರ್ಷ ಲಂಡನ್ನಿನ ಕಿಂಗ್ಸ್ ಕಾಲೇಜ್ ಆಸ್ಪತ್ರೆಯ ಲಿವರ್ ತಜ್ಞ ರೋಜರ್ ವಿಲಿಯಮ್ಸ್ ಕಾಲ್ನ್ ಜೊತೆ ಸೇರಿಕೊಂಡರು. ಒಬ್ಬರು ಔಷಧಿಯ ಡಾಕ್ಟರ್, ಒಬ್ಬರು ಕತ್ತರಿಯ ಡಾಕ್ಟರ್, ಎರಡು ಊರು. ಬ್ರಿಟನ್ನಿನ ಲಿವರ್ ಕಸಿ ಕಾರ್ಯಕ್ರಮ ಹುಟ್ಟಿದ್ದು ಹೀಗೆ.

ಮುಂದಿನ ಹತ್ತು ವರ್ಷ ಓದುವಾಗ ನನಗೆ ಬೇಸರವಾಯಿತು. ಕಸಿ ಮಾಡಿಸಿಕೊಂಡ ಹತ್ತು ಜನರಲ್ಲಿ ಒಂದು ವರ್ಷ ದಾಟುತ್ತಿದ್ದವರು ಸುಮಾರು ಮೂರು ಜನ. ಉಳಿದ ಏಳು ಜನ ಸೋಂಕಿನಿಂದಲೋ, ದೇಹ ಹೊಸ ಲಿವರನ್ನು ಒಪ್ಪದೆಯೋ ಸಾಯುತ್ತಿದ್ದರು. ಪ್ರಪಂಚದ ಹೆಚ್ಚಿನ ಆಸ್ಪತ್ರೆಗಳು ಕೈಚೆಲ್ಲಿದವು. ಬಿಡದೆ ಮುಂದುವರಿಸಿದ ಕೆಲವೇ ಊರುಗಳಲ್ಲಿ ಡೆನ್ವರ್, ಕೇಂಬ್ರಿಡ್ಜ್, ಲಂಡನ್, ಜರ್ಮನಿಯ ಹ್ಯಾನೋವರ್ ಮುಖ್ಯವಾದವು. ಇಷ್ಟು ಸಾವು ಕಂಡ ಮೇಲೂ ಮುಂದುವರಿಸಿದ್ದು ಸರಿಯೇ? ನಾನು ಇದನ್ನು ಇತಿಹಾಸದ ಟೀಚರ್ ಜೊತೆ ವಾದ ಮಾಡಿದೆ. ಅವರು ಕೇಳಿದ್ದು ಒಂದೇ ಮಾತು: "ಕಸಿ ಮಾಡಿಸದಿದ್ದರೆ ಆ ಹತ್ತರಲ್ಲಿ ಎಷ್ಟು ಜನ ಉಳಿಯುತ್ತಿದ್ದರು?" ಬಹುಶಃ ಯಾರೂ ಇಲ್ಲ. ಈ ಪ್ರಶ್ನೆ ಮುಂದೆ ಮತ್ತೆ ಬರುತ್ತದೆ.

ದಾರಿ ತೋರಿಸಿದ್ದು ಒಂದು ಬೂಷ್ಟು. ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿದ್ದ ಸ್ಯಾಂಡೋಜ್ ಔಷಧಿ ಕಂಪನಿಯಲ್ಲಿ ಒಂದು ಪದ್ಧತಿ ಇತ್ತು. ನೌಕರರು ರಜೆಗೆ ಎಲ್ಲಿ ಹೋದರೂ ಒಂದು ಚೀಲ ಮಣ್ಣು ತರಬೇಕು, ಅದರಲ್ಲಿ ಹೊಸ ಔಷಧಿ ಕೊಡುವ ಸೂಕ್ಷ್ಮಜೀವಿ ಇದೆಯೇ ಎಂದು ನೋಡುತ್ತಿದ್ದರು. ನಾರ್ವೆಯ ಹಾರ್ಡಾಂಗರ್‌ವಿಡ್ಡಾ ಎಂಬ ಬೋಳು ಪ್ರಸ್ಥಭೂಮಿಯಿಂದ 1969ರಲ್ಲಿ ಬಂದ ಮಣ್ಣಿನ ಬೂಷ್ಟಿನಿಂದ ಸೈಕ್ಲೋಸ್ಪೋರಿನ್ ಸಿಕ್ಕಿತು. ಹೊರಗಿನ ಅಂಗವನ್ನು ಶತ್ರು ಎಂದು ಭಾವಿಸಿ ಕಾದಾಡುವ ನಮ್ಮ ರಕ್ಷಣಾ ಕಣಗಳನ್ನು ಅದು ತಣ್ಣಗಾಗಿಸುತ್ತದೆ ಎಂದು ಆ ಕಂಪನಿಯ ಜಾನ್ ಬೋರೆಲ್ ಮತ್ತು ಜೊತೆಗಾರರು ಕಂಡುಕೊಂಡರು.

ಆ ಪುಡಿ ಕೇಂಬ್ರಿಡ್ಜಿಗೆ ಬಂತು, ಆದರೆ ನೀರಿನಲ್ಲಿ ಕರಗಲಿಲ್ಲ. ಕಾಲ್ನ್ ಪ್ರಯೋಗಾಲಯದಲ್ಲಿ ಅಲ್ಕಿಸ್ ಕೊಸ್ಟಾಕಿಸ್ ಎಂಬ ಗ್ರೀಸ್ ದೇಶದ ಯುವ ಡಾಕ್ಟರ್ ಇದ್ದರು. ಮಗ ಇಂಗ್ಲೆಂಡಿನಲ್ಲಿ ಏನು ತಿನ್ನುತ್ತಾನೋ ಎಂದು ಅವರ ತಾಯಿ ಆಲಿವ್ ಎಣ್ಣೆ ಕಳಿಸಿದ್ದರಂತೆ. ಆ ಎಣ್ಣೆಯಲ್ಲಿ ಪುಡಿ ಕರಗಿತು, ಇಲಿಗಳ ಮೇಲಿನ ಪ್ರಯೋಗ ಗೆದ್ದಿತು. ಊರಿಂದ ಚಟ್ನಿಪುಡಿ, ಉಪ್ಪಿನಕಾಯಿ ಸೂಟ್‌ಕೇಸಿನಲ್ಲಿ ಬರುವ ಮನೆಗಳವರಾದ ನಮಗೆ ಈ ಕಥೆ ಚೆನ್ನಾಗಿ ಅರ್ಥವಾಗುತ್ತದೆ.

1978ರಲ್ಲಿ ಕಾಲ್ನ್ ಅದನ್ನು ರೋಗಿಗಳಿಗೆ ಕೊಟ್ಟರು. ಮೊದಮೊದಲು ಪ್ರಮಾಣ ಹೆಚ್ಚಾಗಿ ಕಿಡ್ನಿಗಳು ಕೆಟ್ಟವು, ಕೆಲವರಿಗೆ ಕ್ಯಾನ್ಸರ್ ಬಂತು. ಪ್ರಮಾಣ ಇಳಿಸುತ್ತಾ ಹೋದ ಹಾಗೆ ಫಲಿತಾಂಶ ಏರಿತು. 1980ರ ದಶಕದಲ್ಲಿ ಹತ್ತರಲ್ಲಿ ಆರೇಳು ಜನ ಒಂದು ವರ್ಷ ದಾಟತೊಡಗಿದರು. 1983ರಲ್ಲಿ ಅಮೆರಿಕದಲ್ಲಿ ತಜ್ಞರ ಸಮ್ಮೇಳನವೊಂದು ಸೇರಿ, ಲಿವರ್ ಕಸಿ ಇನ್ನು ಪ್ರಯೋಗವಲ್ಲ, ಚಿಕಿತ್ಸೆ ಎಂದು ಒಪ್ಪಿತು.

ಆದರೆ ಚಿಕಿತ್ಸೆಗೆ ಅಂಗ ಬೇಕಲ್ಲ? ಇಲ್ಲಿ ಬರುವುದು ಎರಡು ಟಿವಿ ಕಾರ್ಯಕ್ರಮಗಳು. 1980ರಲ್ಲಿ ಬಿಬಿಸಿಯ 'ಪನೋರಮಾ', ದಾನಿಗಳು ನಿಜಕ್ಕೂ ಸತ್ತಿರುತ್ತಾರೆಯೇ ಎಂದು ಕೇಳಿತು. ಮೆದುಳು ಸತ್ತಿದೆ ಎಂದು ಗುರುತಿಸುವ ನಿಯಮಗಳನ್ನು ಬ್ರಿಟನ್ನಿನ ವೈದ್ಯ ಸಂಸ್ಥೆಗಳು 1976ರಲ್ಲೇ ಮಾಡಿದ್ದವು, ಆದರೂ ಜನ ಹೆದರಿದರು, ದಾನ ಕಡಿಮೆಯಾಯಿತು. ನಾಲ್ಕು ವರ್ಷದ ನಂತರ ಎಸ್ತರ್ ರಾಂಟ್ಜೆನ್ ನಡೆಸುತ್ತಿದ್ದ 'ದಟ್ಸ್ ಲೈಫ್' ಕಾರ್ಯಕ್ರಮದಲ್ಲಿ ಬೆನ್ ಹಾರ್ಡ್‌ವಿಕ್ ಎಂಬ ಎರಡು ವರ್ಷದ ಹುಡುಗ ಕಾಣಿಸಿಕೊಂಡ. ಅವನಿಗೆ ಪಿತ್ತನಾಳಗಳು ಮುಚ್ಚಿಹೋಗುವ ಕಾಯಿಲೆ. ಹುಟ್ಟಿದ ಮಕ್ಕಳಿಗೆ ಬರುವ ಕಾಮಾಲೆ ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ, ಇವರಿಗೆ ಹೋಗುವುದಿಲ್ಲ. ಟಿವಿಯಲ್ಲಿ ಬಂದ ಮೇಲೆ ಮಗುವನ್ನು ಕಳೆದುಕೊಂಡ ಒಂದು ಕುಟುಂಬ ಲಿವರ್ ಕೊಟ್ಟಿತು. 1984ರ ಜನವರಿಯಲ್ಲಿ ಕೇಂಬ್ರಿಡ್ಜಿನಲ್ಲಿ ಬೆನ್‌ಗೆ ಕಸಿಯಾಯಿತು. ಇಡೀ ದೇಶ ಆ ಹುಡುಗ ಚೇತರಿಸಿಕೊಳ್ಳುವುದನ್ನು ನೋಡಿತು. ದಾನ ಮಾಡುವವರು ಹೆಚ್ಚಿದರು.

1985ರ ಮಾರ್ಚ್‌ನಲ್ಲಿ, ಎರಡನೆಯ ಕಸಿಯ ನಂತರ, ಬೆನ್ ತೀರಿಕೊಂಡ. ಮೂರು ವರ್ಷದವನು.

ಇಲ್ಲಿ ಸ್ವಲ್ಪ ನಿಲ್ಲಿ. ಆ ಕಾಲದಲ್ಲಿ ಕಸಿಯ ಯಶಸ್ಸನ್ನು ಅಳೆಯುತ್ತಿದ್ದದ್ದು 'ಒಂದು ವರ್ಷದ ಬದುಕುಳಿಯುವಿಕೆ' ಎಂಬ ಅಳತೆಯಿಂದ. ಬೆನ್ ಕಸಿಯ ನಂತರ ಹದಿನಾಲ್ಕು ತಿಂಗಳು ಬದುಕಿದ್ದ. ಅಂದರೆ ಆ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಬರುವುದು 'ಯಶಸ್ವಿ'. ಅಪ್ಪನಿಗೆ ಇದನ್ನು ಹೇಳಿದಾಗ ಅವರು ಟಿವಿ ಆರಿಸಿದರು. "ಅಂದ್ರೆ ಲೆಕ್ಕದ ಪುಸ್ತಕ ಯಾವ ದಿನ ಮುಚ್ತೀವಿ ಅನ್ನೋದ್ರ ಮೇಲೆ ಲಾಭ ನಷ್ಟ" ಅಂದರು.

ಹೌದು, ಪುಸ್ತಕವನ್ನು ಹೆಚ್ಚು ದಿನ ತೆರೆದಿಡುವುದಕ್ಕೆ ದೇಶಮಟ್ಟದ ವ್ಯವಸ್ಥೆ ಬೇಕಾಗುತ್ತದೆ. ಒಂದು ಆಸ್ಪತ್ರೆಯಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಕಸಿ ಆದರೆ ಅದರಿಂದ ಏನೂ ತಿಳಿಯುವುದಿಲ್ಲ. 1972ರಿಂದ ಬ್ರಿಸ್ಟಲ್‌ನಲ್ಲಿ ಅಂಗಗಳನ್ನು ಹಂಚುವ ರಾಷ್ಟ್ರೀಯ ಕಚೇರಿ ಇತ್ತು. 1980ರ ದಶಕದ ಕೊನೆಗೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ತಯಾರಾದ ದ್ರಾವಣವೊಂದು ಬಂತು. ಅದರಲ್ಲಿ ತಂಪಾಗಿಟ್ಟ ಲಿವರನ್ನು ಮೊದಲಿಗಿಂತ ಎಷ್ಟೋ ಹೆಚ್ಚು ಗಂಟೆ ಕಾಪಾಡಬಹುದಿತ್ತು. ಹಾಗಾಗಿ ಒಂದು ಊರಿನ ದಾನ ಇನ್ನೊಂದು ಊರಿನ ರೋಗಿಗೆ ತಲುಪುವುದು ಸುಲಭವಾಯಿತು. ಇಂದು ಬ್ರಿಟನ್ನಿನಲ್ಲಿ ಲಿವರ್ ಕಸಿ ಮಾಡುವ ಕೇಂದ್ರಗಳು ಏಳು: ಕೇಂಬ್ರಿಡ್ಜ್, ಬರ್ಮಿಂಗ್‌ಹ್ಯಾಮ್, ಲೀಡ್ಸ್, ನ್ಯೂಕಾಸಲ್, ಎಡಿನ್‌ಬರೋ, ಲಂಡನ್ನಿನಲ್ಲಿ ಎರಡು. 1994ರಿಂದ ಬ್ರಿಟನ್ ಮತ್ತು ಐರ್ಲೆಂಡಿನ ಲಿವರ್ ಕಸಿಗಳಿಗೆಲ್ಲ ಒಂದೇ ಲೆಕ್ಕಪರಿಶೋಧನೆ ಶುರುವಾಯಿತು. ಯಾರಿಗೆ ಯಾವಾಗ ಕಸಿಯಾಯಿತು, ಐದು ವರ್ಷಕ್ಕೆ ಹೇಗಿದ್ದಾರೆ, ಹತ್ತು ವರ್ಷಕ್ಕೆ ಹೇಗಿದ್ದಾರೆ ಎಲ್ಲವೂ ಬರೆದಿಡಲ್ಪಟ್ಟವು. ಕೇಳಲು ಸಪ್ಪೆ ಕೆಲಸ. ಅದಿಲ್ಲದಿದ್ದರೆ ಅಪ್ಪನ ಪ್ರಶ್ನೆಗೆ ಉತ್ತರವೇ ಇರುತ್ತಿರಲಿಲ್ಲ.

ಅಂಕಿಗಳಿಗೆ ಮೊದಲು ಒಬ್ಬ ಮನುಷ್ಯನ ಕಥೆ. ಜಾನ್ ಬೆಲಾನಿ ಸ್ಕಾಟ್ಲೆಂಡಿನ ಪೋರ್ಟ್ ಸೀಟನ್ ಎಂಬ ಮೀನುಗಾರರ ಊರಿನಲ್ಲಿ 1942ರಲ್ಲಿ ಹುಟ್ಟಿದ ದೊಡ್ಡ ಚಿತ್ರಕಾರ. ಕುಡಿತದಿಂದ ಲಿವರ್ ಪೂರ್ತಿ ಹಾಳಾಗಿತ್ತು. 1988ರಲ್ಲಿ ಕಾಲ್ನ್ ಅವರಿಗೆ ಕಸಿ ಮಾಡಿದರು. ಬೆಲಾನಿ ಎಚ್ಚರವಾದ ಸ್ವಲ್ಪ ಹೊತ್ತಿಗೇ ಕಾಗದ ಕೇಳಿ ಚಿತ್ರ ಬರೆಯತೊಡಗಿದರು. ಮೂಗಿನಲ್ಲಿ ನಳಿಕೆ, ಹೊಟ್ಟೆಯ ಮೇಲೆ ಹೊಲಿಗೆ, ಆ ಸ್ಥಿತಿಯಲ್ಲಿ ತಮ್ಮದೇ ಚಿತ್ರಗಳು. ಮೊದಲೇ ಚಿತ್ರಕಲೆಯ ಹುಚ್ಚಿದ್ದ ಕಾಲ್ನ್ ತಮ್ಮ ರೋಗಿಯಿಂದಲೇ ಪಾಠ ಹೇಳಿಸಿಕೊಂಡರು. ಮುಂದೆ ತಾವು ಆಪರೇಷನ್ ಮಾಡಿದ ಎಷ್ಟೋ ಮಕ್ಕಳ, ದೊಡ್ಡವರ ಭಾವಚಿತ್ರ ಬರೆದರು. ಬೆಲಾನಿ ಬದುಕಿದ್ದು 2013ರವರೆಗೆ. ಕಸಿಯ ನಂತರ ಇಪ್ಪತ್ತೈದು ವರ್ಷ.

ಕುಡಿದು ಕೆಡಿಸಿಕೊಂಡವರಿಗೆ ಯಾಕೆ ಕೊಡಬೇಕು ಎಂದು ನಮ್ಮ ಮನೆಯಲ್ಲೂ ಮಾತು ಬಂತು. ಫುಟ್‌ಬಾಲ್ ನೋಡುವ ಅಪ್ಪಂದಿರಿಗೆ ಜಾರ್ಜ್ ಬೆಸ್ಟ್ ನೆನಪಿರಬಹುದು. 2002ರಲ್ಲಿ ಕಸಿಯಾಯಿತು, ಮತ್ತೆ ಕುಡಿದರು, 2005ರಲ್ಲಿ ತೀರಿಕೊಂಡರು. ಪತ್ರಿಕೆಗಳೆಲ್ಲ ಬೆಸ್ಟ್ ಬಗ್ಗೆ ಬರೆದವು. ಬೆಲಾನಿಯ ಇಪ್ಪತ್ತೈದು ವರ್ಷಗಳ ಬಗ್ಗೆ ಅಷ್ಟು ಗಲಾಟೆ ಆಗಲಿಲ್ಲ.

ಈಗ ಅಂಕಿ. 2007ರಲ್ಲಿ 'ಗಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬ್ರಿಟನ್ನಿನ ರಾಷ್ಟ್ರೀಯ ಲೆಕ್ಕವನ್ನು ಆಧರಿಸಿದ ಅಧ್ಯಯನವೊಂದು ಬಂತು. 1985ರಿಂದ 2003ರವರೆಗೆ ಕಸಿಯಾದ ಸುಮಾರು 2,700 ವಯಸ್ಕರು. ಅವರ ಬದುಕು ಸರಾಸರಿ ಲೆಕ್ಕದಲ್ಲಿ ಕಸಿಯ ನಂತರ ಸುಮಾರು 22 ವರ್ಷ. ಅದೇ ವಯಸ್ಸಿನ ಸಾಮಾನ್ಯ ಜನರಿಗೆ ಉಳಿದಿರುವ ಆಯುಸ್ಸು ಸುಮಾರು 29 ವರ್ಷ. ಅಂದರೆ ಕಳೆದುಕೊಂಡದ್ದು ಏಳು ವರ್ಷ.

ಅಪ್ಪನ ಪ್ರಶ್ನೆಗೆ ಉತ್ತರ ಸಿಕ್ಕಿತು ಎಂದು ಓಡಿದೆ. ಅವರು ಕನ್ನಡಕ ಹಾಕಿಕೊಂಡು ನನ್ನ ನೋಟ್ಸ್ ಓದಿದರು. "ಇದ್ರಲ್ಲಿ ಯಾರನ್ನ ಬಿಟ್ಟಿದಾರೆ?" ಎಂದು ಕೇಳಿದರು. ನೋಡಿದರೆ ಹೌದು, ಆ ಅಧ್ಯಯನ ಎಣಿಸಿದ್ದು ಮೊದಲ ಆರು ತಿಂಗಳು ದಾಟಿದವರನ್ನು ಮಾತ್ರ. ಅದಕ್ಕಿಂತ ಮುಂಚೆ ಸತ್ತವರು ಲೆಕ್ಕದಲ್ಲಿಲ್ಲ. ಹಾಗೆಂದು ಅದು ಮೋಸವಲ್ಲ, ಕಷ್ಟದ ಮೊದಲ ತಿಂಗಳು ದಾಟಿದವರ ಮುಂದಿನ ದಾರಿ ಎಷ್ಟು ಉದ್ದ ಎಂದು ನೋಡುವುದೇ ಅದರ ಉದ್ದೇಶ. ಆದರೆ '22 ವರ್ಷ' ಎಂದು ಹೇಳುವಾಗ ಈ ಮಾತನ್ನೂ ಸೇರಿಸಬೇಕು. ಈಗ ಆ ಮೊದಲ ತಿಂಗಳುಗಳೂ ತುಂಬಾ ಸುಧಾರಿಸಿವೆ. ತುರ್ತಿನದಲ್ಲದ ಕಸಿಗಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಜನ ವರ್ಷ ದಾಟುತ್ತಾರೆ, ಐದರಲ್ಲಿ ಸುಮಾರು ನಾಲ್ಕು ಜನ ಐದು ವರ್ಷ ದಾಟುತ್ತಾರೆ.

ಹಾಗಾದರೆ ಆ ಏಳು ವರ್ಷ ಎಲ್ಲಿ ಹೋಗುತ್ತದೆ? ಹೊಸ ಲಿವರ್ ಚೆನ್ನಾಗಿಯೇ ಇರಬಹುದು. ದಿನವೂ ನುಂಗುವ ಮಾತ್ರೆಗಳು ನಿಧಾನವಾಗಿ ತಮ್ಮ ಪಾಲು ಕೇಳುತ್ತವೆ. ಸೈಕ್ಲೋಸ್ಪೋರಿನ್ ಮತ್ತು ಅದರ ನಂತರ ಬಂದ ಟ್ಯಾಕ್ರೊಲಿಮಸ್ ಕಿಡ್ನಿಯನ್ನು ಸವೆಸುತ್ತವೆ, ಬಿಪಿ ಏರಿಸುತ್ತವೆ, ಸಕ್ಕರೆ ಕಾಯಿಲೆ ತರಬಹುದು. ಕಾವಲುಗಾರರನ್ನು ನಿದ್ದೆ ಮಾಡಿಸಿದ ಮನೆಗೆ ಬೇರೆ ಕಳ್ಳರೂ ನುಗ್ಗುತ್ತಾರಲ್ಲ, ಹಾಗೆ ಸೋಂಕುಗಳು, ಚರ್ಮದ ಕ್ಯಾನ್ಸರ್, ಇತರ ಕ್ಯಾನ್ಸರ್‌ಗಳು ಬರುವ ಸಂಭವ ಹೆಚ್ಚು. ಅಮೆರಿಕದಲ್ಲಿ 2003ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದ ಪ್ರಕಾರ, ಲಿವರ್ ಕಸಿಯಾದವರಲ್ಲಿ ಐದು ವರ್ಷದೊಳಗೆ ನೂರಕ್ಕೆ ಸುಮಾರು 18 ಜನರಿಗೆ ಕಿಡ್ನಿ ತೀವ್ರವಾಗಿ ಕೆಟ್ಟಿತ್ತು. ಇದೆಲ್ಲ ಒಂದು ವರ್ಷದ ಲೆಕ್ಕದಲ್ಲಿ ಕಾಣುವುದೇ ಇಲ್ಲ.

ನಮ್ಮ ವಯಸ್ಸಿನವರ ವಿಷಯ ಬೇರೆಯೇ. 1997ರಲ್ಲಿ ಕಿಂಗ್ಸ್ ಆಸ್ಪತ್ರೆಯಲ್ಲಿ, ತಮಿಳುನಾಡಿನಲ್ಲಿ ಹುಟ್ಟಿ ಇಲ್ಲಿ ಬಂದು ಹೆಸರು ಮಾಡಿದ ಸರ್ಜನ್ ಮೊಹಮ್ಮದ್ ರೇಲಾ ಐದು ದಿನದ ಹೆಣ್ಣು ಮಗುವಿಗೆ ಲಿವರ್ ಕಸಿ ಮಾಡಿದರು. ಅದು ಗಿನ್ನೆಸ್ ದಾಖಲೆ. ಆ ಮಗು ಬೆಳೆದು ದೊಡ್ಡವಳಾದಳು. ಹೀಗೆ ಹಾಲುಗಲ್ಲದಲ್ಲಿ ಕಸಿಯಾದ ಮಕ್ಕಳು ಹದಿಹರೆಯಕ್ಕೆ ಬರುವಾಗ ಒಂದು ಗಂಡಾಂತರ ಕಾದಿರುತ್ತದೆ. ಅಮ್ಮ ಕೊಡುತ್ತಿದ್ದ ಮಾತ್ರೆಯನ್ನು ತಾವೇ ತೆಗೆದುಕೊಳ್ಳಬೇಕು. ಮಕ್ಕಳ ವಾರ್ಡಿನ ಪರಿಚಿತ ನರ್ಸ್‌ಗಳನ್ನು ಬಿಟ್ಟು ದೊಡ್ಡವರ ಕ್ಲಿನಿಕ್ಕಿಗೆ ಹೋಗಬೇಕು. ಏನೂ ನೋವಿಲ್ಲ, ಆರಾಮಾಗಿದ್ದೇನೆ, ಒಂದು ವಾರ ಮಾತ್ರೆ ಬಿಟ್ಟರೆ ಏನಾಗುತ್ತದೆ ಅನ್ನಿಸುತ್ತದೆ. ಹತ್ತು ಹದಿನೈದು ವರ್ಷ ಚೆನ್ನಾಗಿದ್ದ ಲಿವರನ್ನು ಈ ವಯಸ್ಸಿನಲ್ಲಿ ಕಳೆದುಕೊಂಡವರಿದ್ದಾರೆ. ಅದಕ್ಕೇ ಹದಿಹರೆಯದವರಿಗೆಂದೇ ಬೇರೆ ಕ್ಲಿನಿಕ್‌ಗಳು ಶುರುವಾದವು. ಇದನ್ನು ಓದುವಾಗ ನನಗೆ ಬೈಯುವ ಮನಸ್ಸಾಗಲಿಲ್ಲ. ಹಲ್ಲಿನ ರಿಟೇನರ್ ಹಾಕಿಕೊಳ್ಳಲು ಅಮ್ಮ ದಿನಾ ನೆನಪಿಸಬೇಕಾದವಳು ನಾನು.

ಕೊನೆಗೆ ಈಗಿನ ಕಾಲದ ಒಂದು ಜಗಳ. ಮೊದಲು ಲಿವರ್ ಸಿಕ್ಕಾಗ ಅದು ಯಾವ ರೋಗಿಗೆ ಎಂದು ಬಹುಪಾಲು ಆಯಾ ಕೇಂದ್ರದ ಡಾಕ್ಟರುಗಳು ನಿರ್ಧರಿಸುತ್ತಿದ್ದರು. 2018ರ ಮಾರ್ಚ್‌ನಿಂದ ಮೆದುಳು ಸತ್ತ ದಾನಿಗಳ ಹೆಚ್ಚಿನ ಲಿವರ್‌ಗಳಿಗೆ ಇಡೀ ದೇಶಕ್ಕೆ ಒಂದೇ ಪಟ್ಟಿ ಬಂತು. ಕಾಯುತ್ತಿರುವ ಪ್ರತಿ ವಯಸ್ಕ ರೋಗಿಗೂ ಕಂಪ್ಯೂಟರ್ ಒಂದು ಅಂಕ ಕೊಡುತ್ತದೆ. ಈ ಲಿವರ್ ಸಿಕ್ಕರೆ ಮುಂದಿನ ಐದು ವರ್ಷಗಳಲ್ಲಿ ಇವರು ಎಷ್ಟು ದಿನ ಬದುಕಬಹುದು? ಸಿಗದಿದ್ದರೆ ಎಷ್ಟು ದಿನ? ಎರಡರ ವ್ಯತ್ಯಾಸವೇ ಅಂಕ. ನಮ್ಮ ಇತಿಹಾಸದ ಟೀಚರ್ ಕೇಳಿದ ಪ್ರಶ್ನೆಯನ್ನೇ ಕಂಪ್ಯೂಟರಿಗೆ ಕಲಿಸಿದ್ದಾರೆ ನೋಡಿ. ಹಳೆಯ ಪದ್ಧತಿಯಲ್ಲಿ ನೀವು ಯಾವ ಊರಿನ ಆಸ್ಪತ್ರೆಯಲ್ಲಿದ್ದೀರಿ ಎನ್ನುವುದರ ಮೇಲೆ ಅದೃಷ್ಟ ನಿಂತಿತ್ತು, ಅದನ್ನು ಸರಿಪಡಿಸುವುದು ಒಳ್ಳೆಯ ಉದ್ದೇಶವೇ.

ಆದರೆ 2023ರಲ್ಲಿ ಪತ್ರಿಕೆಗಳಲ್ಲೂ ವೈದ್ಯಕೀಯ ಲೇಖನಗಳಲ್ಲೂ ಪ್ರಶ್ನೆ ಎದ್ದಿತು. ಈ ಅಂಕದಿಂದ ಕೆಲವು ಕ್ಯಾನ್ಸರ್ ರೋಗಿಗಳು, ಕಿರಿಯ ವಯಸ್ಸಿನವರು ಹಿಂದೆ ಬೀಳುತ್ತಿದ್ದಾರೆಯೇ? ಒಂದು ಉದಾಹರಣೆ ಯೋಚಿಸಿ. ಇಪ್ಪತ್ತೈದರ ಒಬ್ಬಳು, ಅರವತ್ತರ ಒಬ್ಬರು. ಕಸಿಯಾದರೆ ಇಬ್ಬರೂ ಐದು ವರ್ಷ ಬದುಕುವ ಸಾಧ್ಯತೆ ಹೆಚ್ಚು. ಕಂಪ್ಯೂಟರ್ ಇಬ್ಬರಿಗೂ ಹೆಚ್ಚೆಂದರೆ ಐದೇ ವರ್ಷ ಬರೆಯುತ್ತದೆ. ಅವಳು ಇನ್ನೂ ಮೂವತ್ತು ವರ್ಷ ಬದುಕಬಹುದು ಎನ್ನುವುದಕ್ಕೆ ಆ ಪುಸ್ತಕದಲ್ಲಿ ಕಾಲಂ ಇಲ್ಲ. ಕಸಿ ಸಿಗದಿದ್ದರೆ ಅರವತ್ತರವರು ಬೇಗ ಸಾಯುತ್ತಾರೆ ಎಂದು ಲೆಕ್ಕ ಹೇಳಿದರೆ ಅವರ ಅಂಕ ಮೇಲೇರುತ್ತದೆ. ಈ ತಿಂಗಳೇ ಸಾಯುವವರನ್ನು ಮೊದಲು ನೋಡಬೇಡವೇ ಎಂದು ಇನ್ನೊಂದು ಕಡೆಯವರು ಕೇಳುತ್ತಾರೆ. ಅದೂ ಸರಿ. ಇಪ್ಪತ್ತು ವರ್ಷ ಮುಂದಿನದನ್ನು ಯಾವ ಕಂಪ್ಯೂಟರೂ ಸರಿಯಾಗಿ ಊಹಿಸಲಾರದು ಎನ್ನುವುದೂ ನಿಜ. ನನಗೆ ಹದಿನಾರು ವರ್ಷ, ನನ್ನ ಅಭಿಪ್ರಾಯ ಪಕ್ಷಪಾತದ್ದು ಎಂದು ಬೇಕಾದರೆ ಹೇಳಿ: ಐದು ವರ್ಷಕ್ಕೇ ಪುಸ್ತಕ ಮುಚ್ಚುವುದು ಬೆನ್ ಕಾಲದ ಒಂದು ವರ್ಷದ ಅಳತೆಯ ತಪ್ಪನ್ನೇ ಮತ್ತೆ ಮಾಡಿದ ಹಾಗೆ ನನಗೆ ಕಾಣುತ್ತದೆ.

ನಮ್ಮವರಿಗೆ ಸೇರಿದ ಒಂದು ಮಾತೂ ಇದೆ. ಕಿಡ್ನಿಯ ಹಾಗೆ ಲಿವರ್‌ಗೆ ಸೂಕ್ಷ್ಮ ಹೊಂದಾಣಿಕೆ ಬೇಕಿಲ್ಲ, ಮುಖ್ಯವಾಗಿ ರಕ್ತದ ಗುಂಪು ಮತ್ತು ಗಾತ್ರ ನೋಡುತ್ತಾರೆ. ಬಿ ಗುಂಪು ಇಲ್ಲಿನ ಬಿಳಿಯರಲ್ಲಿ ಕಡಿಮೆ, ದಕ್ಷಿಣ ಏಷ್ಯಾದಿಂದ ಬಂದ ನಮ್ಮಲ್ಲಿ ಹೆಚ್ಚು. ಆದರೆ ನಮ್ಮ ಸಮುದಾಯಗಳಲ್ಲಿ ದಾನಕ್ಕೆ ಒಪ್ಪುವ ಕುಟುಂಬಗಳು ಕಡಿಮೆ. ಇಂಗ್ಲೆಂಡಿನಲ್ಲಿ 2020ರ ಮೇ ತಿಂಗಳಿಂದ, ಬೇಡ ಎಂದು ಹೇಳದ ವಯಸ್ಕರೆಲ್ಲ ಒಪ್ಪಿದ ಹಾಗೇ ಎಂಬ ಕಾನೂನು ಇದೆ. ವೇಲ್ಸ್‌ನಲ್ಲಿ ಅದು 2015ರಲ್ಲೇ ಬಂತು. ಆದರೂ ಆಸ್ಪತ್ರೆಯವರು ಮನೆಯವರನ್ನು ಕೇಳಿಯೇ ಕೇಳುತ್ತಾರೆ. ಹದಿನೆಂಟು ತುಂಬದ ನನ್ನಂಥವರ ವಿಷಯದಲ್ಲಂತೂ ತಂದೆತಾಯಿಯ ಮಾತೇ ಕೊನೆಯದು.

ಅಜ್ಜಿಗೆ ಇದನ್ನೆಲ್ಲ ಹೇಳಿದೆ. ಅವರಿಗೆ ಅಪರಿಚಿತ ವಿಷಯವೇನಲ್ಲ. ರಾಜ್‌ಕುಮಾರ್ ಕಣ್ಣು ಕೊಟ್ಟದ್ದು, ಪುನೀತ್ ಕೊಟ್ಟದ್ದು ಅವರಿಗೆ ಗೊತ್ತು. 2021ರಲ್ಲಿ ಬೈಕ್ ಅಪಘಾತವಾದ ನಟ ಸಂಚಾರಿ ವಿಜಯ್ ಅವರ ಅಂಗಾಂಗಗಳನ್ನು ಮನೆಯವರು ದಾನ ಮಾಡಿದ್ದನ್ನೂ ಟಿವಿಯಲ್ಲಿ ನೋಡಿದ್ದರು. "ನಿಮ್ಮಪ್ಪ ಏನಂದ?" ಎಂದು ಕೇಳಿದರು.

ಅಪ್ಪ ಅವತ್ತು ರಾತ್ರಿ ನನ್ನ ನೋಟ್ಸನ್ನು ಇನ್ನೊಂದು ಸಲ ಓದಿದರು. 22, 29 ಎಂದು ಬರೆದಿದ್ದ ಜಾಗದಲ್ಲಿ ಪೆನ್ಸಿಲಿನಿಂದ ಒಂದು ಗೆರೆ ಎಳೆದು, "ಇದು ದೊಡ್ಡವರದ್ದು. ಮಗು ಆದ್ರೆ?" ಎಂದು ಕೇಳಿದರು. ಮಕ್ಕಳಾಗಿದ್ದಾಗ ಕಸಿಯಾದವರು ಮೂವತ್ತು ವರ್ಷ ದಾಟಿ ಬದುಕಿದ್ದಾರೆ, ಅವರ ಪುಸ್ತಕ ಇನ್ನೂ ಮುಚ್ಚಿಲ್ಲ, ಅದಕ್ಕೇ ಸರಾಸರಿ ಹೇಳುವುದು ಕಷ್ಟ ಎಂದೆ. "ಅಪ್ಪ, ನಾನು ಹೌದು ಅಂತ ಒತ್ತಿದರೂ ಏನಾದರೂ ಆದರೆ ಕೇಳೋದು ನಿಮ್ಮನ್ನೇ" ಎಂದೂ ಹೇಳಿದೆ. ಅಮ್ಮ "ಬಿಡ್ತು ಅನ್ನು" ಅಂದರು.

ಅರ್ಜಿ ಕಳಿಸಿದ್ದಾಯಿತು. ನಾನು ಹೌದು ಒತ್ತಿದ್ದೇನೆ. ಎರಡು ದಿನ ಬಿಟ್ಟು ನೋಡಿದರೆ ಅಮ್ಮ ಫೋನಿನಲ್ಲಿ ಎನ್‌ಎಚ್‌ಎಸ್ ಆ್ಯಪ್‌ನ ಪಾಸ್‌ವರ್ಡ್ ಹುಡುಕುತ್ತಿದ್ದರು. ಅಪ್ಪ ಇನ್ನೂ ಯೋಚಿಸುತ್ತಿದ್ದಾರೆ.